ನಾನು ನೋಡ್ಕೋತೀನಿ

ಮೈಕಿನ ತಲೆಗೆ ತೊಡಿಸಿದ ಕೆಂಪು ಸ್ಪಂಜಿನ ಮೇಲೆ ಯಾರದೋ ಎಂಜಲು ಒಣಗಿ ಬಿಳಿ ಚುಕ್ಕೆಯಾಗಿದೆ, ನಿನ್ನೆ ಮಾತಾಡಿದ ಆ ಉಪನಿರ್ದೇಶಕನದೇ ಇರಬೇಕು, ಅವನು ಬಾಯಿ ಬಿಟ್ಟರೆ ಮುಂದಿನ ಸಾಲಿನವರೆಲ್ಲ ಒದ್ದೆ, ಇನ್ನು ಹತ್ತು ನಿಮಿಷಕ್ಕೆ ತನ್ನ ತುಟಿ ಅದೇ ಸ್ಪಂಜಿನ ಹತ್ತಿರ ಹೋಗಬೇಕು, ಥೂ — ಎಂದುಕೊಂಡ ಜಿಲ್ಲಾ ಶಿಕ್ಷಣಾಧಿಕಾರಿ ಮೂಗು ಮುರಿಯಲು ಹೊರಟವನು ಅರ್ಧಕ್ಕೇ ನಿಲ್ಲಿಸಿ ಅದನ್ನು ಮುಗುಳ್ನಗೆ ಮಾಡಿಕೊಂಡ, ಯಾಕೆಂದರೆ ಬಾಗಿಲ ಬಳಿ ಫೋಟೋದವನು ಒಂದು ಕಣ್ಣು ಮುಚ್ಚಿ ನಿಂತಿದ್ದ, ವೇದಿಕೆಯ ಮೇಲೆ ಕೂತವನ ಮುಖ ಅವನ ಸ್ವಂತದ್ದಲ್ಲ, ಇಲಾಖೆಯದ್ದು, ಇದನ್ನು ಅವನೇ ಎಷ್ಟೋ ಸಲ ಹೇಳಿದ್ದಾನೆ, ಹೇಳಿದಾಗಲೆಲ್ಲ ಜನ ಬರೆದುಕೊಂಡಿದ್ದಾರೆ. ತರಬೇತಿ ಕೇಂದ್ರದ ಪ್ರಾಂಶುಪಾಲ ಅವನ ಪರಿಚಯ ಓದುತ್ತಿದ್ದಾನೆ, ಎರಡು ಹಾಳೆ, ಹುಟ್ಟಿದ್ದು ಓದಿದ್ದು ಸೇರಿದ್ದು ಏರಿದ್ದು, ಎದುರಿಗೆ ಹೊಸದಾಗಿ ಜಿಲ್ಲೆಗಳ ಅಧಿಕಾರ ವಹಿಸಿಕೊಳ್ಳಲಿರುವ ನಲವತ್ತು ಜನ, ಕೊರಳಲ್ಲಿ ಕಾರ್ಡು, ಮಡಿಲಲ್ಲಿ ಇಲಾಖೆ ಕೊಟ್ಟ ನೀಲಿ ಚೀಲ, ಚೀಲದೊಳಗೆ ಇಲಾಖೆ ಕೊಟ್ಟ ಪೆನ್ನು, ಬರೆಯದ ಪೆನ್ನು, ಹಿಂದಿನ ಗೋಡೆಯ ಬ್ಯಾನರಿನ ಮೇಲೆ ನೈತಿಕ ನಾಯಕತ್ವ ಮತ್ತು ಶಾಲಾ ಹಣಕಾಸು, ಅದರ ಕೆಳಗೆ ಅವನದೇ ಮುಖ, ಐದು ವರ್ಷ ಹಿಂದಿನದು, ತಲೆಯಲ್ಲಿ ಕೂದಲು ಇದ್ದಾಗಿನದು. ಈಗ ಬರುತ್ತದೆ ನೋಡು, ಈಗ, ಪ್ರಾಂಶುಪಾಲ ಎರಡನೆಯ ಹಾಳೆ ತಿರುವಿದ, ಗಂಟಲು ಸರಿಮಾಡಿಕೊಂಡ — ಕರ್ತವ್ಯದ ಮುಂದೆ ಬಂಧುವಿಲ್ಲ ಬಳಗವಿಲ್ಲ ಎಂದು ತೋರಿಸಿಕೊಟ್ಟವರು, ಅನುದಾನ ದುರ್ಬಳಕೆ ಮಾಡಿದ ಮುಖ್ಯೋಪಾಧ್ಯಾಯಿನಿ ತಮ್ಮ ಸ್ವಂತ ಅಕ್ಕನೇ ಆಗಿದ್ದರೂ ಹಿಂದೆಮುಂದೆ ನೋಡದೆ ಅಮಾನತು ಮಾಡಿದವರು — ಬಂತು, ಆ ಸದ್ದು ಬಂತು, ನಲವತ್ತು ನಾಲಿಗೆ ಒಟ್ಟಿಗೆ ಅಂಗುಳಿಗೆ ತಾಗಿ ಬಿಟ್ಟ ಸದ್ದು, ಚ್ಚ್, ಮೂರು ವರ್ಷದಿಂದ ಎಷ್ಟು ಸಭಾಂಗಣ, ಎಷ್ಟು ಮೈಕು, ಈ ಸದ್ದು ಮಾತ್ರ ಒಂದೇ, ಮೊದಮೊದಲು ಕೇಳಿದಾಗ ನೀರಿನ ಲೋಟಕ್ಕೆ ಕೈ ಹಾಕುತ್ತಿದ್ದ, ಈಗ ಬರದಿದ್ದರೆ ಬೇಜಾರಾಗುತ್ತದೆ. ಅವನು ತಲೆ ತಗ್ಗಿಸಿದ, ಇಲ್ಲಿ ತಗ್ಗಿಸಬೇಕು ಎಂಬುದು ರೂಢಿಯಾಗಿದೆ, ಎಣಿಸಿ ನಾಲ್ಕು ಸೆಕೆಂಡು, ಆಮೇಲೆ ಎತ್ತಬೇಕು.

ಎತ್ತಿದಾಗ ಕಣ್ಣಿಗೆ ಬಿದ್ದವಳು ಮುಂದಿನ ಸಾಲಿನ ಕೊನೆಯ ಕುರ್ಚಿಯ ವಿಚಾರಣಾಧಿಕಾರಿ. ಇಲಾಖೆಯಲ್ಲಿ ಅವಳಿಗೆ ಹೌದಿಲ್ಲಮ್ಮ ಎಂದು ಹೆಸರು, ಎದುರಿಗಲ್ಲ, ಬೆನ್ನ ಹಿಂದೆ, ಅವಳು ಯಾರನ್ನೂ ಯಾಕೆ ಎಂದು ಕೇಳುವುದಿಲ್ಲ, ಹೇಗೆ ಎಂದು ಕೇಳುವುದಿಲ್ಲ, ಹೌದೋ ಇಲ್ಲವೋ ಅಷ್ಟೇ, ಅವಳ ಗಂಡ ಅವಳನ್ನು ಮದುವೆಗೆ ಒಪ್ಪಿಸಿದ್ದೂ ಹಾಗೇ ಇರಬೇಕು ಎಂದು ಗುಮಾಸ್ತರು ನಗುತ್ತಾರೆ. ಅವಳು ಚ್ಚ್ ಅನ್ನಲಿಲ್ಲ, ನೀಲಿ ಚೀಲ ತೆಗೆದುಕೊಂಡಿಲ್ಲ, ತನ್ನದೇ ಹಳೆಯ ಬಟ್ಟೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಎರಡೂ ಕೈ ಇಟ್ಟು ಕೂತಿದ್ದಾಳೆ, ಬೆಳಿಗ್ಗೆ ಕಾರಿನಿಂದ ಇಳಿಯುವಾಗಲೇ ಹಿಡಿದುಕೊಂಡಳು, ಸರ್, ಒಂದೇ ಹಾಳೆ, ಒಂದೇ ಪ್ರಶ್ನೆ, ಊಟದ ಹೊತ್ತಿಗೆ ಕೊಟ್ರೆ ಸಾಕು, ಇವತ್ತೇ ವಿಚಾರಣೆ ಮುಗಿಸ್ಬಿಡ್ತೀನಿ, ನಾಡಿದ್ದು ನಿಮ್ಮಕ್ಕ ರಿಟೈರ್ ಆಗ್ತಾರಲ್ಲ, ಅಷ್ಟರೊಳಗೆ ಮುಗೀಲಿಲ್ಲಾಂದ್ರೆ ನನ್ನ ಕುತ್ತಿಗೆಗೆ ಬರುತ್ತೆ. ಲಕೋಟೆ ಈಗ ಕೋಟಿನ ಒಳಜೇಬಿನಲ್ಲಿದೆ, ಎಡಗಡೆ, ಉಸಿರೆಳೆದಾಗಲೆಲ್ಲ ಅದರ ಮೂಲೆ ಚುಚ್ಚುತ್ತದೆ, ಪಾಯಿಖಾನೆಯ ಬಾಗಿಲು ಹಾಕಿಕೊಂಡು ಎರಡು ಸಲ ಓದಿದ್ದಾನೆ, ಗ್ರಂಥಾಲಯ ಅನುದಾನದ ನಲವತ್ತೆರಡು ಸಾವಿರವನ್ನು ನೀರಿನ ಮೋಟಾರಿಗೆ ಬಳಸುವಂತೆ ತಾವು ಸದರಿ ಮುಖ್ಯೋಪಾಧ್ಯಾಯಿನಿಗೆ ದೂರವಾಣಿಯಲ್ಲಿ ಮೌಖಿಕ ಆದೇಶ ನೀಡಿದ್ದಿರೇ, ಕೆಳಗೆ ಒಂದು ಖಾಲಿ ಗೆರೆ, ಗೆರೆಯ ಕೆಳಗೆ ಸಹಿ. ಹೌದು ಎಂದು ಬರೆದರೆ ಅಕ್ಕನ ಮೇಲಿನ ಆರೋಪ ಬಿದ್ದುಹೋಗುತ್ತದೆ, ಮೂವತ್ತಮೂರು ವರ್ಷ ಸೀಮೆಸುಣ್ಣ ತಿಂದದ್ದಕ್ಕೆ ಪಿಂಚಣಿ ಬರುತ್ತದೆ, ಇಲ್ಲ ಎಂದು ಬರೆದರೆ ನಿವೃತ್ತಿಯ ಹಿಂದಿನ ದಿನ ವಜಾ, ಬರಿಗೈ. ಆದರೆ ಹೌದು ಎಂದರೆ ಈ ಬ್ಯಾನರು ಇಳಿಯುತ್ತದೆ, ಮುಂದಿನ ತಿಂಗಳು ಸಿಗಬೇಕಾದ ನಿರ್ದೇಶಕರ ಕುರ್ಚಿಯ ಮೇಲೆ ಆ ಎಂಜಲಿನವನು ಕೂರುತ್ತಾನೆ, ತನಗೊಂದು ವಿಚಾರಣೆ ಶುರುವಾಗುತ್ತದೆ, ಇದೇ ಹೌದಿಲ್ಲಮ್ಮ ಇದೇ ಚೀಲ ಹಿಡಿದುಕೊಂಡು ಬರುತ್ತಾಳೆ.

ಹೇಳಿದ್ದನೇ? ಹೇಳಿದ್ದ, ಅದನ್ನು ತನ್ನ ತಲೆಯೊಳಗೂ ಅವನು ಪಿಸುಮಾತಿನಲ್ಲೇ ಒಪ್ಪಿಕೊಳ್ಳುತ್ತಾನೆ. ಕ್ಷೌರದ ಕುರ್ಚಿಯಲ್ಲಿದ್ದ, ಒಂದು ಕೆನ್ನೆಗೆ ನೊರೆ, ಫೋನನ್ನು ಇನ್ನೊಂದು ಕೆನ್ನೆಗೆ ಒತ್ತಿಕೊಂಡಿದ್ದ, ಗುಂಡಿ, ಇಲ್ಲಿ ಕೇಳು, ಎಂದಳು ಅಕ್ಕ, ಚಿಕ್ಕಂದಿನಲ್ಲಿ ದಿನಕ್ಕೊಂದು ಅಂಗಿಯ ಗುಂಡಿ ಕಳೆದುಕೊಂಡು ಬರುತ್ತಿದ್ದನೆಂದು ಇಟ್ಟ ಹೆಸರು, ಜಿಲ್ಲೆಯ ಸಾಹೇಬನಾದ ಮೇಲೂ ಫೋನಿನಲ್ಲಿ ಬಿಟ್ಟಿರಲಿಲ್ಲ, ಗುಂಡಿ, ದೊಡ್ಡ ಹುಡುಗೀರು ಶಾಲೆಗೆ ಬರ್ತಾ ಇಲ್ಲ ಕಣೋ, ಪಾಯಿಖಾನೆಗೆ ನೀರಿಲ್ಲ, ಮಧ್ಯಾಹ್ನ ಮನೆಗೆ ಓಡ್ತಾರೆ, ಓಡಿದವರು ವಾಪಸ್ ಬರಲ್ಲ, ಪುಸ್ತಕದ ದುಡ್ಡು ಬಂದು ಕೂತಿದೆ, ವರ್ಷದ ಕೊನೆಗೆ ಅದೂ ವಾಪಸ್ ಹೋಗುತ್ತೆ, ಅದರಲ್ಲಿ ಒಂದು ಮೋಟಾರ್ ಹಾಕಿಸ್ಲಾ, ಒಂದು ಸಾಲು ಬರ್ದು ಕೊಡ್ತೀಯಾ? ಬರೆಯೋದೇನು ಬಂತಕ್ಕಾ, ಹಾಕ್ಸು, ನಾನು ನೋಡ್ಕೋತೀನಿ. ಅಷ್ಟೇ. ಕ್ಷೌರದವನು ಕತ್ತಿ ಎತ್ತಿ ಹಿಡಿದು ಕಾಯುತ್ತಿದ್ದ. ನೋಡ್ಕೋತೀನಿ, ಎಂಥ ಮಾತು ಇದು, ಮಗಳನ್ನು ಕೊಟ್ಟ ಮಾವನ ಕೈ ಹಿಡಿದು ಅಳಿಯ ಹೇಳುವುದೂ ಅದೇ, ಬೀದಿಯಲ್ಲಿ ತೋಳು ಮಡಿಸಿ ಜಗಳವಾಡಿದವನು ಹೋಗುತ್ತ ಹೋಗುತ್ತ ತಿರುಗಿ ಹೇಳುವುದೂ ಅದೇ, ಅಕ್ಷರ ಒಂದೂ ಆಚೀಚೆ ಇಲ್ಲ, ದನಿ ನೋಡಿ ಅರ್ಥ ಮಾಡಿಕೊಳ್ಳಬೇಕು. ಅಕ್ಕ ದನಿ ನೋಡಿದಳು, ತಮ್ಮನ ದನಿ ಕಂಡಿತು, ಮಾರನೆಯ ದಿನವೇ ಮೋಟಾರು ಹಾಕಿಸಿದಳು.

ಆ ವರ್ಷ ಹಾಗೆ ಬಾಯಲ್ಲೇ ಹೇಳಿದ್ದು ಅಕ್ಕನೊಬ್ಬಳಿಗೇ ಅಲ್ಲ, ಹನ್ನೆರಡು ಶಾಲೆಗೆ, ಒಂದು ಕಡೆ ಆಟದ ಸಾಮಾನಿನ ದುಡ್ಡಲ್ಲಿ ಸೂರಿನ ಹೆಂಚು, ಇನ್ನೊಂದು ಕಡೆ ಪ್ರಯೋಗಾಲಯದ ದುಡ್ಡಲ್ಲಿ ಬೆಂಚು, ವರ್ಷದ ಕೊನೆಯ ವಾರ ಎಲ್ಲ ಜಿಲ್ಲೆಗಳಲ್ಲೂ ಹೀಗೇ, ಹಣ ವಾಪಸ್ಸು ಹೋದರೆ ಮೇಲಿನವರು ಮುಖಕ್ಕೆ ಉಗಿಯುತ್ತಾರೆ, ಆಮೇಲೆ ಲೆಕ್ಕ ತಪಾಸಣೆಯವನು ಬಂದ, ಬೆಂಕಿಕಡ್ಡಿಯಿಂದ ಕಿವಿ ಕೆರೆದುಕೊಳ್ಳುತ್ತ ಎದುರು ಕೂತ, ಸರ್, ಹನ್ನೆರಡು ಕಡೆ ಒಂದರ ಹಣ ಇನ್ನೊಂದಕ್ಕೆ ಹೋಗಿದೆ, ಏನೂ ಗಾಬರಿ ಬೇಡ, ಘಟನೋತ್ತರ ಮಂಜೂರಾತಿ ಅಂತ ಒಂದೊಂದು ಸಾಲು ಬರ್ದುಬಿಡಿ, ಆದ ಮೇಲೆ ಒಪ್ಪಿಗೆ ಕೊಟ್ಟ ಹಾಗೆ, ನಾನೂ ಮುಚ್ಚಿಬಿಡ್ತೀನಿ. ಹಸಿರು ಇಂಕಿನಲ್ಲಿ ಹನ್ನೊಂದು ಸಹಿ ಹಾಕಿದ, ಹನ್ನೆರಡನೆಯ ಫೈಲು ಎತ್ತಿಕೊಂಡಾಗ ತಪಾಸಣೆಯವನು ಕಡ್ಡಿಯ ತುದಿಗೆ ಬಂದದ್ದನ್ನು ನೋಡುತ್ತ, ಇದು ನಿಮ್ಮಕ್ಕನ ಶಾಲೆ ಅಲ್ವಾ ಸರ್, ಎಂದ, ಅಷ್ಟೇ ಅಂದದ್ದು, ನಕ್ಕ. ಪೆನ್ನು ನಿಂತಿತು. ಸಹಿ ಹಾಕಿದರೆ ಅಕ್ಕನೆಂದು ಹಾಕಿದ ಎನ್ನುತ್ತಾರೆ, ಹಾಕದಿದ್ದರೆ — ಪಕ್ಕದ ಜಿಲ್ಲೆಯ ಅಧಿಕಾರಿಗೆ ಕಳಿಸಬಹುದಿತ್ತು, ನಿಯಮವೇ ಇದೆ, ಸದರಿಯವರು ನನ್ನ ಸಂಬಂಧಿಯಾದ್ದರಿಂದ ತಾವು ಪರಿಶೀಲಿಸಬೇಕಾಗಿ ವಿನಂತಿ, ಒಂದು ಸಾಲಿನ ಪತ್ರ, ಅವನು ಸಾಯಂಕಾಲದ ಹೊತ್ತಿಗೆ ಅದನ್ನು ಬರೆದೂ ಬರೆದ, ಪಕ್ಕದ ಜಿಲ್ಲೆಯವಳು ಒಳ್ಳೆಯವಳು, ಎರಡು ನಿಮಿಷದಲ್ಲಿ ಸಹಿ ಹಾಕಿ ಕಳಿಸಿಬಿಡುತ್ತಿದ್ದಳು, ಅದೇ ಅವನಿಗೆ ಹಿಡಿಸಲಿಲ್ಲ. ಯಾರಿಗೂ ಗೊತ್ತಾಗದೆ ಸರಿಹೋಗಿಬಿಡುತ್ತಿತ್ತು. ಅಷ್ಟು ದೊಡ್ಡ ಪ್ರಾಮಾಣಿಕತೆ ಯಾರ ಕಣ್ಣಿಗೂ ಬೀಳದೆ ಒಂದು ಫೈಲಿನಲ್ಲಿ ಮಲಗಿಬಿಡುವುದೇ, ಪತ್ರ ಹರಿದ, ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದ, ಮಾರನೆಯ ಬೆಳಿಗ್ಗೆ ಕಾರಿನ ಹಿಂದಿನ ಸೀಟಿನಲ್ಲಿ ಪತ್ರಿಕೆಯವನೊಬ್ಬನನ್ನು ಕೂರಿಸಿಕೊಂಡು ಅಕ್ಕನ ಶಾಲೆಗೆ ಹೊರಟ.

ಶಾಲೆಯ ಅಂಗಳದಲ್ಲಿ ನಲ್ಲಿ ಬಿಟ್ಟಿದ್ದರು, ಹುಡುಗಿಯರು ಕೈ ತೊಳೆಯುತ್ತಿದ್ದರು, ದಾರಿಯ ಧೂಳಿಗೆ ಗಂಟಲು ಒಣಗಿತ್ತು, ಅವನೂ ಬೊಗಸೆ ಒಡ್ಡಿ ಆ ಮೋಟಾರಿನ ನೀರನ್ನೇ ಕುಡಿದ, ತಣ್ಣಗಿತ್ತು, ಚೆನ್ನಾಗಿತ್ತು, ಕುಡಿದು ಬಾಯಿ ಒರೆಸಿಕೊಂಡು ಒಳಗೆ ಹೋಗಿ ಅಕ್ಕನನ್ನು ಮೇಡಂ ಎಂದು ಕರೆದ. ವೋಚರ್ ಎಲ್ಲಿ ಮೇಡಂ. ಅಕ್ಕ ನಕ್ಕಳು, ಪತ್ರಿಕೆಯವನ ಎದುರು ತಮಾಷೆ ಮಾಡುತ್ತಿದ್ದಾನೆಂದುಕೊಂಡಳು, ಆಮೇಲೆ ಅವಳ ಮುಖದಲ್ಲಿ ನಗು ಇಳಿಯತೊಡಗಿತು, ಒಂದೇ ಸಲಕ್ಕೆ ಇಳಿಯಲಿಲ್ಲ, ಕೊಂಚ ಕೊಂಚವಾಗಿ, ತರ್ತೀನಿ ಸರ್, ಎಂದಳು. ಅವಳು ವೋಚರುಗಳಿಗೆ ಪಿನ್ನು ಚುಚ್ಚುವವಳಲ್ಲ, ತುಕ್ಕು ಹಿಡಿದು ಅಂಕಿ ಹೋಗುತ್ತದೆಂದು ದಬ್ಬಳದಲ್ಲಿ ತೂತು ಮಾಡಿ ಕಪ್ಪು ದಾರದಲ್ಲಿ ಹೊಲಿದಿಡುವವಳು, ವರ್ಷಕ್ಕೊಂದು ಕಟ್ಟು, ಹೊಲಿಗೆ ಎಷ್ಟು ಸಮವಾಗಿತ್ತೆಂದರೆ ತಪಾಸಣೆಯವನೂ ಹೊಗಳಿದ್ದ, ಸಾಹೇಬ ಮೇಜಿನ ಮೇಲಿನ ಕತ್ತರಿ ತೆಗೆದುಕೊಂಡು ಆ ದಾರವನ್ನು ಕತ್ತರಿಸಿದ. ಕತ್ತರಿಸಬೇಕಾಗಿರಲಿಲ್ಲ, ಪುಟ ತಿರುವಿದರೆ ಕಾಣುತ್ತಿತ್ತು. ಫ್ಯಾನಿನ ಗಾಳಿಗೆ ಮೂವತ್ತು ನಲವತ್ತು ಚೀಟಿ ಕೋಣೆ ತುಂಬ ಹಾರಿದವು, ಅಕ್ಕ ಮಂಡಿಯೂರಿ ಹೆಕ್ಕಿದಳು, ಬೆಂಚಿನ ಕೆಳಗೆ ಕೈ ಹಾಕಿ ಹೆಕ್ಕಿದಳು, ಸಹಶಿಕ್ಷಕಿಯೊಬ್ಬಳು ಸಹಾಯಕ್ಕೆ ಬಗ್ಗಿದರೆ ಅವನು, ಬೇಡ, ಅವರ ಜವಾಬ್ದಾರಿ ಅವರೇ ಮಾಡ್ಲಿ, ಎಂದ, ಪತ್ರಿಕೆಯವನು ಬರೆದುಕೊಂಡ. ಅಮಾನತು ಆದೇಶ ಕೊಡುವಾಗ ಅವಳು ಕುರ್ಚಿಗೆ ಕೈ ಚಾಚಿದಳು, ಅವನು ತಡೆದ, ನಿಂತ್ಕೊಂಡೇ ತಗೊಳ್ಳಿ ಮೇಡಂ, ಫೋಟೋ ಇದೆ. ಅವಳು ನಿಂತುಕೊಂಡೇ ತೆಗೆದುಕೊಂಡಳು, ತೆಗೆದುಕೊಳ್ಳುವಾಗ ಬಾಯೊಳಗೇ, ಫೋನಲ್ಲಿ ಹೇಳಿದ್ಯಲ್ಲೋ, ಎಂದಳು, ಅವನಿಗೊಬ್ಬನಿಗೇ ಕೇಳುವಷ್ಟು, ಕೇಳಿಸಿತು. ಕೇಳಿಸಲಿಲ್ಲ ಎಂಬಂತೆ ಅವನು ಕ್ಯಾಮೆರಾದ ಕಡೆ ತಿರುಗಿದ.

ಆ ತಿರುಗಿದ ಗಳಿಗೆಯಿಂದಲೇ ಅದು ಶುರುವಾದದ್ದು, ಹಾಳಾದ್ದು, ಎಲ್ಲೆಂದರಲ್ಲಿ ಬರುತ್ತದೆ, ಹಲ್ಲುಜ್ಜುವಾಗ, ಲಿಫ್ಟಿನಲ್ಲಿ, ಮಂತ್ರಿಗಳ ಎದುರು ಅಂಕಿ ಅಂಶ ಓದುವಾಗ — ಹತ್ತು ವರ್ಷದ ಅವನು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಾನೆ, ಬಹುಮಾನ ತೆಗೆದುಕೊಳ್ಳಲು ಹೋಗಬೇಕು, ಎದೆಯ ಗುಂಡಿ ಕಿತ್ತು ಹೋಗಿದೆ, ಅಕ್ಕ ಅಂಗಿ ಬಿಚ್ಚಿಸದೆ ಮೈಮೇಲೇ ಹೊಲಿಯುತ್ತಿದ್ದಾಳೆ, ಅಲ್ಲಾಡಿದ್ರೆ ಚುಚ್ತೀನಿ ನೋಡು, ಹೊಲಿದಾಯಿತು, ಕತ್ತರಿ ಸಿಗುವುದಿಲ್ಲ, ಬಗ್ಗುತ್ತಾಳೆ, ಅವಳ ಬೈತಲೆ ಅವನ ಗಲ್ಲದ ಕೆಳಗೆ, ಎದೆಗೆ ಬಿಸಿ ಉಸಿರು, ಹಲ್ಲಿನ ನಡುವೆ ದಾರ, ಕಟಕ್. ಆಮೇಲೆ ಬೆನ್ನ ಮೇಲೊಂದು ಗುದ್ದು, ಹೋಗು, ಇನ್ನೊಂದು ಕಳ್ಕೊಂಡು ಬಂದ್ರೆ ಬರೀ ಮೈಯಲ್ಲಿ ಕಳಿಸ್ತೀನಿ. ಅವಳೇನು ದೇವತೆಯಲ್ಲ, ಆಟದಲ್ಲಿ ಮೋಸ ಮಾಡುತ್ತಿದ್ದಳು, ಅವನ ಬೆಲ್ಲದ ಚೂರು ಕದ್ದು ತಿಂದು ಅಮ್ಮನ ಎದುರು ಅವನ ಮೇಲೇ ಹೇಳುತ್ತಿದ್ದಳು, ಆ ಲೆಕ್ಕ ಇದಕ್ಕೆ ಹೊಂದುತ್ತದೆಯೇ, ಹೊಂದಿಸಿ ನೋಡಿದ್ದಾನೆ, ಹೊಂದಿಲ್ಲ. ಭಾವ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು, ಬಾಯಿ ಬಿಟ್ಟರೆ ತಮಾಷೆ, ಮೋಟಾರಿನ ದುಡ್ಡನ್ನು ಅಕ್ಕನ ಅರ್ಧ ಸಂಬಳದಲ್ಲಿ ಕಂತಿನ ಮೇಲೆ ಹಿಡಿಯುವಂತೆ ಆದೇಶವಾಗಿತ್ತು, ಕೊನೆಯ ಕಂತು ಮುಗಿದ ದಿನ ಆಫೀಸಿಗೇ ಬಂದಿದ್ದ, ಒಂದು ಮಾತು ಕೇಳೋಣ ಅಂತ ಬಂದೆ ಭಾವಮೈದ, ಕಂತು ಮುಗೀತು, ಈಗ ಮೋಟಾರ್ ನಮ್ದೇ ಆಯ್ತಲ್ಲ, ಕಿತ್ಕೊಂಡು ಮನೆಗೆ ತಂದ್ಬಿಡ್ಲಾ? ಗುಮಾಸ್ತರು ನಕ್ಕರು, ಭಾವನೂ ನಕ್ಕ, ನಗುತ್ತಲೇ ಬಾಗಿಲಲ್ಲಿ ನಿಂತು, ನೋಡ್ಕೋತೀನಿ ಅಂದಿದ್ಯಂತೆ, ಚೆನ್ನಾಗೇ ನೋಡ್ಕೊಂಡೆ ಬಿಡು, ಎಂದ. ಆವತ್ತಿನಿಂದ ಅವರ ಮನೆಯ ರಸ್ತೆಯಲ್ಲಿ ಕಾರು ಹೋಗುವುದಿಲ್ಲ, ಸುತ್ತುಹಾಕಿಕೊಂಡು ಹೋಗು ಎಂದು ಡ್ರೈವರಿಗೆ ಹೇಳಿದ್ದಾನೆ, ಆ ರಸ್ತೆ ಕೆಟ್ಟಿದೆ ಎಂದು ಕಾರಣ ಕೊಟ್ಟಿದ್ದಾನೆ.

ಚಪ್ಪಾಳೆ. ತನ್ನ ಹೆಸರು ಕರೆದಾಗಿದೆ, ಎದ್ದಾಗಿದೆ, ಕೆಂಪು ಸ್ಪಂಜು ತುಟಿಯ ಎದುರಿಗಿದೆ, ನಾಲಿಗೆ ತಾನಾಗಿಯೇ ಓಡುತ್ತಿದೆ, ಈ ಭಾಷಣಕ್ಕೆ ಅವನು ಬೇಕಾಗಿಯೇ ಇಲ್ಲ, ಪರದೆಯ ಮೇಲೆ ದೊಡ್ಡ ಅಕ್ಷರ ಬರುತ್ತದೆ, ಅವನು ಓದುತ್ತಾನೆ, ಮಗುವಿಗೆಂದು ಬಂದ ಹಣ ಮಗುವಿಗೇ ಹೋಗಲಿ, ಬರೆದುಕೊಳ್ಳುತ್ತಾರೆ, ಬಾಯಿಮಾತು ಆದೇಶವಲ್ಲ, ಬರವಣಿಗೆಯಲ್ಲಿ ಇಲ್ಲದ್ದು ನಡೆದೇ ಇಲ್ಲ, ಬರೆದುಕೊಳ್ಳುತ್ತಾರೆ, ಬರೆಯದ ಪೆನ್ನಿನವರು ಪಕ್ಕದವರ ಪೆನ್ನು ಬೇಡುತ್ತಾರೆ, ಹೌದಿಲ್ಲಮ್ಮ ಮಾತ್ರ ಬರೆದುಕೊಳ್ಳುವುದಿಲ್ಲ, ಲಕೋಟೆಯ ಮೂಲೆ ಚುಚ್ಚುತ್ತಿದೆ, ಮುಂದಿನದು, ನಿಮಗೆ ಸಂಬಂಧಪಟ್ಟವರ ಫೈಲನ್ನು ನೀವು ಮುಟ್ಟಬೇಡಿ, ಬೇರೆಯವರಿಗೆ ಕಳಿಸಿ, ಪಕ್ಷಪಾತವೂ ಬೇಡ, ಪಕ್ಷಪಾತವಿಲ್ಲ ಎಂದು ತೋರಿಸಿಕೊಳ್ಳುವ ಉತ್ಸಾಹವೂ ಬೇಡ — ಇದನ್ನು ಯಾರು ಬರೆದರು, ತಾನೇ ಬರೆದದ್ದು, ಎಲ್ಲಿಂದಲೋ ಇಳಿಸಿಕೊಂಡದ್ದು, ಮೂರು ವರ್ಷದಿಂದ ಓದುತ್ತಿದ್ದಾನೆ, ಯಾರೂ ತಲೆ ಎತ್ತಿರಲಿಲ್ಲ. ಇವತ್ತು ಮೂರನೆಯ ಸಾಲಿನಿಂದ ಒಂದು ಕೈ ಎದ್ದಿತು, ಚಿಕ್ಕ ವಯಸ್ಸಿನ ಅಧಿಕಾರಿ, ಕನ್ನಡಕದವಳು, ಸರ್, ಒಂದು ಸಂಶಯ, ಹಾಗಿದ್ರೆ ನಿಮ್ಮಕ್ಕನ ಫೈಲು ನಿಮ್ಮ ಮೇಜಿನ ಮೇಲೆ ಯಾಕಿತ್ತು ಸರ್? ಬರೆದುಕೊಳ್ಳುತ್ತಿದ್ದವರೆಲ್ಲ ತಲೆ ಎತ್ತಿದರು, ಅಕ್ಕ ಬಗ್ಗಿದಳು, ಬೈತಲೆ, ದಾರ, ತೊಲಗು ಈಗಲ್ಲ — ಅವನು ನಕ್ಕ, ಒಳ್ಳೇ ಪ್ರಶ್ನೆ, ಯಾವ ಜಿಲ್ಲೆ ಮೇಡಂ ನಿಮಗೆ ಕೊಟ್ಟಿರೋದು? ಇನ್ನೂ ಕೊಟ್ಟಿಲ್ಲ ಸರ್. ಹಂಗಾದ್ರೆ ಕೊಡೋತನಕ ಕೇಳಿಸ್ಕೊಳ್ಳಿ, ಕೊಟ್ಟ ಮೇಲೆ ನಾನೇ ಬಂದು ನಿಮ್ಮನ್ನ ಕೇಳ್ತೀನಿ. ಸಭೆ ಬಿದ್ದು ಬಿದ್ದು ನಕ್ಕಿತು, ಅಧಿಕಾರಿಗಳು ತಮ್ಮ ಮೇಲಿನವನು ಮಾಡಿದ ತಮಾಷೆಗೆ ನಗುವ ಹಾಗೆ, ಅವಳು ಕೂತಳು, ಕಿವಿ ಕೆಂಪಾಗಿತ್ತು, ತಲೆ ಬಗ್ಗಿಸಿ ಬರೆಯದ ಪೆನ್ನಿನ ಮುಚ್ಚಳ ತೆಗೆಯುವುದು ಹಾಕುವುದು ಮಾಡುತ್ತಿದ್ದಳು, ಅವನಿಗೆ ಹಿತವೆನಿಸಿತು, ನಿಜಕ್ಕೂ ಹಿತವೆನಿಸಿತು, ಬಿಸಿಲಲ್ಲಿ ನಡೆದು ಬಂದು ನೆರಳಿಗೆ ನಿಂತ ಹಾಗೆ. ಇವಳ ಹೆಸರು ಪ್ರಾಂಶುಪಾಲನ ಹತ್ತಿರ ಕೇಳಿ ಇಟ್ಟುಕೊಳ್ಳಬೇಕು, ಎಲ್ಲಕ್ಕಿಂತ ದೂರದ ಜಿಲ್ಲೆ, ರೈಲಿಲ್ಲದ್ದು. ಆಮೇಲೆ ಕೊನೆಯ ಭಾಗ, ದನಿ ಇಳಿಸಬೇಕಾದ ಭಾಗ, ಆ ದಿನ ಆದೇಶ ಕೊಟ್ಟು ಬಂದು ಕಾರಿನೊಳಗೆ ಕೂತು ನಾನು ಒಬ್ಬನೇ ಅತ್ತೆ ಸ್ನೇಹಿತರೇ, ಸಾಹೇಬ ಅಳಲಿಲ್ಲ, ತಮ್ಮ ಅತ್ತ — ಅತ್ತಿರಲಿಲ್ಲ, ಆ ದಿನ ಕಾರಿನಲ್ಲಿ ನಿದ್ದೆ ಹೋಗಿದ್ದ, ಬಾಯಿ ತೆರೆದುಕೊಂಡು, ಪತ್ರಿಕೆಯವನು ಎಬ್ಬಿಸಬೇಕಾಯಿತು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಊಟಕ್ಕೆ ಬಿಟ್ಟಿದ್ದಾರೆ, ಕುರ್ಚಿಗಳನ್ನು ಎಳೆದಾಡುತ್ತಿದ್ದಾರೆ, ಕಾರಿಡಾರಿನಲ್ಲಿ ತಟ್ಟೆಗಳ ಸದ್ದು, ಅವನು ವೇದಿಕೆಯ ಮೇಜಿನ ಹಿಂದೆ ಮತ್ತೆ ಕೂತಿದ್ದಾನೆ, ಹೌದಿಲ್ಲಮ್ಮ ಮೆಟ್ಟಿಲು ಹತ್ತಿ ಬಂದು ಎದುರಿಗೆ ನಿಂತಿದ್ದಾಳೆ, ಆತುರವಿಲ್ಲ, ಲಕೋಟೆ ತೆಗೆದ, ಹಾಳೆ ಬಿಡಿಸಿದ, ಎದೆಯ ಬಿಸಿಗೆ ಕಾಗದ ಮೆತ್ತಗಾಗಿದೆ, ಖಾಲಿ ಗೆರೆ, ಹೌದು, ಎರಡಕ್ಷರ, ಇಲ್ಲ, ಅದೂ ಎರಡೇ, ಶ್ರಮದಲ್ಲಿ ಏನೂ ವ್ಯತ್ಯಾಸವಿಲ್ಲ. ಹೌದು ಎಂದು ಬರೆಯಬಹುದು, ಯಾಕೆ ಬರೆಯಬಾರದು, ಬರೆದು ಇಲ್ಲಿಂದ ನೇರ ಆ ಕೆಟ್ಟ ರಸ್ತೆಗೆ ಹೋಗಿ ಅಕ್ಕನ ಮನೆಯ ಬಾಗಿಲು ಬಡಿದು, ಬಾಗಿಲು ತೆರೆದ ಭಾವನ ತಮಾಷೆಗೆ ತಾನೂ ನಕ್ಕು — ಆದರೆ ಅದಾದ ಮೇಲೆ ಉಳಿದ ಹನ್ನೊಂದು ಫೈಲು ತೆರೆಯುತ್ತಾರೆ, ಹನ್ನೊಂದು ಜನರ ಮನೆ ಹಾಳು, ತಾನು ಇಲ್ಲ ಎಂದರೆ ಒಬ್ಬಳದು ಮಾತ್ರ, ಹೀಗೆ ನೋಡಿದರೆ ಇಲ್ಲ ಎನ್ನುವುದೇ ಹೆಚ್ಚು ನ್ಯಾಯ, ಆಹಾ, ತನ್ನ ಬುದ್ಧಿಗೆ ತಾನೇ ತಲೆದೂಗಿದ, ಇದನ್ನು ಮುಂದಿನ ಭಾಷಣದಲ್ಲಿ ಹಾಕಬಹುದು. ಮತ್ತೆ ಅಕ್ಕನಿಗೇನು ಅನ್ಯಾಯವಾಗುತ್ತದೆ, ಪಿಂಚಣಿ ಎಷ್ಟು ಬರುತ್ತಿತ್ತೋ ಅದಕ್ಕಿಂತ ಎರಡು ಸಾವಿರ ಜಾಸ್ತಿ, ತಿಂಗಳ ಮೊದಲ ತಾರೀಕಿಗೆ, ಕವರಿನಲ್ಲಿ ಹಾಕಿ ಡ್ರೈವರನ ಕೈಯಲ್ಲಿ ಕಳಿಸಿದರಾಯಿತು, ನಿರ್ದೇಶಕನ ಸಂಬಳದಲ್ಲಿ ಅದೇನು ಮಹಾ, ಅವಳು ಬದುಕಿರುವಷ್ಟು ದಿನ, ಅಕ್ಕನನ್ನು ನಾನು ನೋಡ್ಕೋತೀನಿ — ಆ ಮಾತು ತಲೆಯೊಳಗೆ ಬಂದು ನಿಂತಾಗ ಅವನೇ ಒಮ್ಮೆ ಬೆಚ್ಚಿದ, ಯಾವ ದನಿಯಲ್ಲಿ ಬಂತು ಅದು, ಕಿವಿಗೊಟ್ಟ, ತಿಳಿಯಲಿಲ್ಲ. ಸರ್, ಊಟ ಆರುತ್ತೆ, ಎಂದಳು ಹೌದಿಲ್ಲಮ್ಮ. ಅವನು ಹಸಿರು ಪೆನ್ನು ತೆಗೆದು ಇಲ್ಲ ಎಂದು ಬರೆದು ಸಹಿ ಹಾಕಿ ತಾರೀಕು ಹಾಕಿದ.

ಅವಳು ಹಾಳೆಯನ್ನು ಎತ್ತಿಕೊಂಡು ಇಂಕಿನ ಮೇಲೆ ಊದಿದಳು, ಎರಡು ಸಲ, ಮುಖದಲ್ಲಿ ಏನೂ ಇಲ್ಲ, ಬಟ್ಟೆಯ ಚೀಲದಿಂದ ಇನ್ನೊಂದು ಹಾಳೆ ತೆಗೆದು ಅವನ ಮುಂದೆ ಇಟ್ಟಳು, ಇದನ್ನ ನೀವು ಉತ್ತರ ಕೊಡೋ ಮುಂಚೆ ತೋರಿಸೋ ಹಾಗಿರಲಿಲ್ಲ ಸರ್, ಈಗ ತೋರಿಸ್ಬಹುದು, ನಿಮ್ಮಕ್ಕನಿಗೂ ಇದೇ ಪ್ರಶ್ನೆ ಕಳಿಸಿದ್ದೆ, ನೀವು ಬಾಯಲ್ಲಿ ಆದೇಶ ಕೊಟ್ಟಿದ್ರಾ ಅಂತ, ಹೌದು ಅಂತ ಬರೀತಾರೆ ಅಂದ್ಕೊಂಡಿದ್ದೆ, ಬರೆದಿದ್ರೆ ಫೋನ್ ಕಂಪನಿಯಿಂದ ದಾಖಲೆ ತರಿಸ್ತಿದ್ದೆ, ನಿಮ್ಮನ್ನ ಕರೆಸ್ತಿದ್ದೆ, ದೊಡ್ಡ ರಾಮಾಯಣ ಆಗ್ತಿತ್ತು, ಅವರು ಹೌದೂ ಅನ್ನಲಿಲ್ಲ ಇಲ್ಲಾನೂ ಅನ್ನಲಿಲ್ಲ, ಇಷ್ಟು ವರ್ಷದಲ್ಲಿ ಇಂಥ ಉತ್ತರ ನನಗೆ ಬಂದಿಲ್ಲ, ಮೂರು ದಿನ ತಲೆ ಕೆಡಿಸ್ಕೊಂಡೆ, ಓದಿ. ಕರಿಹಲಗೆಯ ಮೇಲೆ ಬರೆದು ಬರೆದು ಗುಂಡಾದ ಅಕ್ಷರ, ಖಾಲಿ ಗೆರೆಯ ಮೇಲೆ ಒಂದೇ ಸಾಲು, ನನ್ನ ತಮ್ಮ ಏನು ಬರೆಯುತ್ತಾನೋ ಅದೇ ನನ್ನ ಉತ್ತರ. ತಮ್ಮ. ಸಾಹೇಬರು ಅಲ್ಲ, ಸದರಿ ಅಧಿಕಾರಿ ಅಲ್ಲ, ಮೂರು ವರ್ಷದಲ್ಲಿ ಒಂದು ಕಾಗದದಲ್ಲೂ ಬರೆಯದ ಮಾತು. ಅವನು ಎರಡನೆಯ ಸಲ ಓದಿದ, ಅಂದರೆ ಅವಳು ಅವನ ಮೇಲೆ ಹೇಳಲೇ ಇಲ್ಲ, ಕಾಯುತ್ತಿದ್ದಳು, ಮೂರು ವರ್ಷ ಬಾಯಿ ಹೊಲಿದುಕೊಂಡು ಅವನು ಬರೆಯಲಿ ಎಂದು ಕಾಯುತ್ತಿದ್ದಳು. ಅಲ್ಲಿಗೆ ಇಬ್ಬರದೂ ಒಂದೇ ಉತ್ತರ ಆಯ್ತು ಸರ್, ಎಂದಳು ಹೌದಿಲ್ಲಮ್ಮ, ಆದೇಶ ಇರಲಿಲ್ಲ ಅಂತ ಅವರೂ ಒಪ್ಪಿಕೊಂಡ ಹಾಗೆ, ಕೇಸು ಮುಗೀತು, ಆಮೇಲೆ ಮೊದಲ ಸಲ ಅವನ ಮುಖವನ್ನು ನೇರ ನೋಡಿದಳು, ನೋಡುತ್ತಲೇ ಎರಡೂ ಹಾಳೆಗಳನ್ನು ಅವನ ಕೈಗೆಟಕುವಷ್ಟು ದೂರದಲ್ಲಿ, ಮೇಜಿನ ಮೇಲೇ, ಬಿಟ್ಟಳು, ತಿದ್ದೋದು ಏನಾದ್ರೂ ಇದೆಯಾ ಸರ್? ಪೆನ್ನು ಅವನ ಕೈಯಲ್ಲೇ ಇತ್ತು, ಮುಚ್ಚಳ ಹಾಕಿರಲಿಲ್ಲ, ಕಾರಿಡಾರಿನಲ್ಲಿ ಯಾರೋ ಸಾಹೇಬರು ಎಲ್ಲಿ ಸಾಹೇಬರಿಗೆ ಬಡಿಸಿ ಎನ್ನುತ್ತಿದ್ದರು, ಹೇಳು, ಈಗ ಹೇಳು, ಬಾಯಿ ತೆರೆದ, ಇಲ್ಲ, ಎಂದ, ತನ್ನ ದನಿಯೇ, ಸ್ಪಷ್ಟವಾಗಿ ಕೇಳಿಸಿತು. ಅವಳು ಅಕ್ಕನ ಹಾಳೆ ಎತ್ತಿದಳು, ಆಗ ಅದರ ಹಿಂದೆ ಲಗತ್ತಿಸಿದ ಚೀಟಿಗಳು ಕಂಡವು, ಮೋಟಾರಿನ ಕಂತು ಕಟ್ಟಿದ ರಸೀದಿಗಳು, ಪಿನ್ನಿಲ್ಲ, ಮೂಲೆಯಲ್ಲಿ ಕಪ್ಪು ದಾರ, ಮೂರು ಹೊಲಿಗೆ, ದಾರದ ತುದಿ ಕತ್ತರಿಯಲ್ಲಿ ಕತ್ತರಿಸಿದ್ದಲ್ಲ, ಚಪ್ಪಟೆಯಾಗಿದೆ, ಎಳೆ ಬಿಟ್ಟಿದೆ, ಕಚ್ಚಿದ್ದು — ಬಗ್ಗುತ್ತಾಳೆ, ಬೈತಲೆ ನರೆತಿದೆ, ಎದೆಗೆ ಬಿಸಿ ಉಸಿರು, ಅಲ್ಲಾಡಬೇಡ, ಬಗ್ಗುತ್ತಾಳೆ, ಹಲ್ಲಿನ ನಡುವೆ ದಾರ, ಬಗ್ಗುತ್ತಾಳೆ, ಹಲ್ಲಿನ ನಡುವೆ ದಾರ, ಹಲ್ಲಿನ ನಡುವೆ